ಪುಟ್ಟ ಮಕ್ಕಳಿರುವ ಮನೆಗೆ ವಾರದ ರಾತ್ರಿಯೂಟ: ಸುಲಭವಾಗಿ ಯೋಜಿಸುವುದು ಹೇಗೆ?

ಹೈದರಾಬಾದಿನಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಲ್ಲಿ ತಂದೆ ತಾಯಿ ಇಬ್ಬರೂ ಉದ್ಯೋಗಸ್ಥರು. ಮಾದಾಪುರ, ಗಚ್ಚಿಬೌಲಿ ಕಡೆಯಿಂದ ಸಂಜೆಯ ವಾಹನ ದಟ್ಟಣೆ ದಾಟಿ ಮನೆ ಸೇರುವಾಗ ಏಳೂವರೆ ಆಗಿರುತ್ತದೆ. 'ಇವತ್ತು ಏನು ಮಾಡೋಣ?' ಎಂಬ ಯೋಚನೆ ಆಗ ಶುರುವಾಗುತ್ತದೆ. ಅಕ್ಕಿ ತೊಳೆದು, ತರಕಾರಿ ಹೆಚ್ಚಿ, ಊಟ ಸಿದ್ಧವಾಗುವ ಹೊತ್ತಿಗೆ ಎರಡು ವರ್ಷದ ಮಗು ಬಿಸ್ಕತ್ತು ತಿಂದು, ಒಂದು ಲೋಟ ಹಾಲು ಕುಡಿದು ಮಲಗಿರುತ್ತದೆ. ದೊಡ್ಡವರು ಮೊಬೈಲಿನಲ್ಲಿ ಬಿರಿಯಾನಿ ತರಿಸಿಕೊಳ್ಳುತ್ತಾರೆ.

ಅಪರೂಪಕ್ಕೆ ಹೀಗಾದರೆ ತೊಂದರೆಯಿಲ್ಲ. ವಾರದಲ್ಲಿ ನಾಲ್ಕು ದಿನ ಹೀಗೇ ಆದರೆ ಮಗುವಿಗೆ ಬೇಳೆ, ಸೊಪ್ಪು, ತರಕಾರಿ ಸಿಗುವುದು ಕಡಿಮೆಯಾಗುತ್ತದೆ. ಇದನ್ನು ತಪ್ಪಿಸಲು ಹೊಸ ಅಡುಗೆ ಕಲಿಯಬೇಕಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಯೋಜನೆ ಮಾಡಿಕೊಂಡರೆ ಸಾಕು.

ರಾತ್ರಿಯೂಟಕ್ಕೆ ಇಷ್ಟು ಮಹತ್ವ ಏಕೆ?

ಬೆಳಗಿನ ತಿಂಡಿ ಅವಸರದಲ್ಲಿ ಮುಗಿಯುತ್ತದೆ. ಮಧ್ಯಾಹ್ನ ಮಗು ಶಿಶುವಿಹಾರದಲ್ಲೋ ಶಾಲೆಯಲ್ಲೋ ಅಜ್ಜಿಯ ಬಳಿಯೋ ಇರುತ್ತದೆ. ಏನು ತಿಂದಿತು, ಎಷ್ಟು ತಿಂದಿತು ಎಂಬುದು ನಿಮ್ಮ ಕಣ್ಣಿಗೆ ಬೀಳುವುದು ರಾತ್ರಿಯೂಟದಲ್ಲಿ ಮಾತ್ರ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇದೆ. ತೆಲಂಗಾಣದಲ್ಲಿ ಈ ಪ್ರಮಾಣ ಶೇ. 70. ತಾಯಂದಿರ ಸ್ಥಿತಿಯೂ ಉತ್ತಮವಾಗಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಕಬ್ಬಿಣಾಂಶ ಕಡಿಮೆ ಇರುವ ಊಟ ಅವುಗಳಲ್ಲಿ ಮುಖ್ಯವಾದದ್ದು.

ಹಾಲಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಊಟದ ಬದಲು ಹಾಲು ಕುಡಿಸಿ ಮಲಗಿಸುವುದು ಅಭ್ಯಾಸವಾದರೆ ಮಗುವಿನ ಹೊಟ್ಟೆ ತುಂಬುತ್ತದೆ, ಕಬ್ಬಿಣಾಂಶದ ಕೊರತೆ ಉಳಿಯುತ್ತದೆ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್‌ಗಿಂತ ಹೆಚ್ಚು ಹಾಲು ಬೇಡ. ಮೊದಲು ಊಟ, ಆಮೇಲೆ ಹಾಲು. ಎದೆಹಾಲನ್ನು ಎರಡು ವರ್ಷದವರೆಗೆ, ಬೇಕಾದರೆ ಅದರ ನಂತರವೂ ಮುಂದುವರಿಸಬಹುದು.

ಎಷ್ಟು ಅಡುಗೆ ಮಾಡಬೇಕು?

ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಚಿಕ್ಕ ಸಂಶೋಧನಾ ಘಟಕವಾಗಿ ಶುರುವಾಗಿ 1958ರಲ್ಲಿ ಈ ನಗರಕ್ಕೆ ಬಂತು. ಇದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಸಂಸ್ಥೆ. ಭಾರತೀಯರು ಏನು, ಎಷ್ಟು ತಿನ್ನಬೇಕು ಎಂಬ ಮಾರ್ಗಸೂಚಿಯನ್ನು ಸಂಸ್ಥೆ 2024ರ ಮೇ ತಿಂಗಳಲ್ಲಿ ಪರಿಷ್ಕರಿಸಿ ಹೊರತಂದಿತು. ದಿನಕ್ಕೆ 2000 ಕಿಲೋ ಕ್ಯಾಲೊರಿ ಬೇಕಿರುವ ಒಬ್ಬ ವಯಸ್ಕರಿಗೆ ಅದರಲ್ಲಿ ಹೇಳಿರುವ ಮುಖ್ಯ ಅಳತೆಗಳು ಹೀಗಿವೆ:

- ಅಕ್ಕಿ, ಗೋಧಿ, ಜೋಳ, ರಾಗಿಯಂಥ ಧಾನ್ಯ: 250 ಗ್ರಾಂ
- ಬೇಳೆಕಾಳು, ಮೊಟ್ಟೆ ಅಥವಾ ಮಾಂಸ: 85 ಗ್ರಾಂ
- ಸೊಪ್ಪೂ ಸೇರಿ ತರಕಾರಿ: 400 ಗ್ರಾಂ
- ಹಣ್ಣು: 100 ಗ್ರಾಂ
- ಹಾಲು ಅಥವಾ ಮೊಸರು: 300 ಮಿಲಿ ಲೀಟರ್

ಧಾನ್ಯ, ಬೇಳೆ, ತರಕಾರಿ ಎಲ್ಲವೂ ಹಸಿಯಾಗಿ, ಬೇಯಿಸುವ ಮೊದಲು ತೂಗಿದ ಅಳತೆ.

ಇದನ್ನು ರಾತ್ರಿಯೂಟಕ್ಕೆ ಹೊಂದಿಸುವ ಸುಲಭ ದಾರಿ ಇಲ್ಲಿದೆ. ದಿನದ ಮೂರನೇ ಒಂದು ಪಾಲು ರಾತ್ರಿಗೆ ಎಂದಿಟ್ಟುಕೊಳ್ಳಿ. ಎರಡು ಮತ್ತು ಆರು ವರ್ಷದ ಇಬ್ಬರು ಮಕ್ಕಳು ಸೇರಿ ಹೆಚ್ಚುಕಡಿಮೆ ಒಬ್ಬ ವಯಸ್ಕರಷ್ಟು ಉಣ್ಣುತ್ತಾರೆ. ಆಗ ಮನೆಯಲ್ಲಿ ಮೂರು ಪಾಲು. ಮೂರನೇ ಒಂದು ಭಾಗದ ಮೂರು ಪಾಲು ಎಂದರೆ ಮತ್ತೆ ಅದೇ ಅಳತೆ! ಒಬ್ಬರ ಇಡೀ ದಿನದ ಲೆಕ್ಕವೇ ನಾಲ್ವರ ಒಂದು ರಾತ್ರಿಯ ಲೆಕ್ಕ: ಧಾನ್ಯ 250 ಗ್ರಾಂ, ಬೇಳೆಕಾಳು 85ರಿಂದ 90 ಗ್ರಾಂ, ತರಕಾರಿ 400 ಗ್ರಾಂ.

ವಾರದ ಖರೀದಿಯೂ ಇದರಿಂದಲೇ ಗೊತ್ತಾಗುತ್ತದೆ. ಏಳು ರಾತ್ರಿಗೆ ಧಾನ್ಯ ಸುಮಾರು ಒಂದೂ ಮುಕ್ಕಾಲು ಕಿಲೋ, ಬೇಳೆಕಾಳು 600 ಗ್ರಾಂ, ತರಕಾರಿ ಮತ್ತು ಸೊಪ್ಪು ಸುಮಾರು 3 ಕಿಲೋ. ಹೆಚ್ಚಿನ ಮನೆಗಳಲ್ಲಿ ಅಕ್ಕಿ ಇದಕ್ಕಿಂತ ಹೆಚ್ಚು, ಬೇಳೆ ಮತ್ತು ತರಕಾರಿ ಕಡಿಮೆ ಖರ್ಚಾಗುತ್ತವೆ. ನಿಮ್ಮ ಮನೆಯ ಲೆಕ್ಕವನ್ನು ಒಂದು ವಾರ ಬರೆದು ನೋಡಿ.

ದಿನಕ್ಕೊಂದು ಬಗೆ ಗೊತ್ತುಮಾಡಿಕೊಳ್ಳಿ

ಸೋಮವಾರದಿಂದ ಭಾನುವಾರದವರೆಗೆ ಒಂದೊಂದು ದಿನಕ್ಕೆ ಒಂದೊಂದು ಬಗೆ ನಿಗದಿ ಮಾಡಿ. ಬಗೆ ಬದಲಾಗುವುದಿಲ್ಲ, ಆ ವಾರ ಸಿಕ್ಕ ತರಕಾರಿಗೆ ತಕ್ಕಂತೆ ಅಡುಗೆ ಬದಲಾಗುತ್ತದೆ. ಒಂದು ಮಾದರಿ ಹೀಗಿದೆ:

- ಸೋಮವಾರ, ಸೊಪ್ಪಿನ ದಿನ: ತೊಗರಿಬೇಳೆಯೊಂದಿಗೆ ಬೇಯಿಸಿದ ಪಾಲಕ್ ಅಥವಾ ದಂಟಿನ ಸೊಪ್ಪು, ಅನ್ನ, ಸೌತೆಕಾಯಿ
- ಮಂಗಳವಾರ, ಒಂದೇ ಕುಕ್ಕರಿನ ದಿನ: ಸೋರೆಕಾಯಿ, ಕ್ಯಾರೆಟ್ ಹಾಕಿದ ಹೆಸರುಬೇಳೆ ಖಿಚಡಿ, ಮೊಸರು
- ಬುಧವಾರ, ಮೊಟ್ಟೆಯ ದಿನ: ಟೊಮೆಟೊ ಹಾಕಿದ ಮೊಟ್ಟೆ ಸಾರು, ಚಪಾತಿ ಅಥವಾ ಜೋಳದ ರೊಟ್ಟಿ. ಮೊಟ್ಟೆ ತಿನ್ನದವರಿಗೆ ಪನೀರ್ ಅಥವಾ ಅಲಸಂದೆ
- ಗುರುವಾರ, ದೋಸೆಯ ದಿನ: ಕ್ಯಾರೆಟ್ ತುರಿ ಉದುರಿಸಿದ ಪೆಸರಟ್ಟು, ಟೊಮೆಟೊ ಮತ್ತು ಶೇಂಗಾ ಚಟ್ನಿ
- ಶುಕ್ರವಾರ, ಕಾಳಿನ ದಿನ: ಕಡಲೆಕಾಳಿನ ಸಾರು, ಅನ್ನ, ಹೀರೆಕಾಯಿ ಪಲ್ಯ
- ಶನಿವಾರ, ತರಕಾರಿ ಮುಗಿಸುವ ದಿನ: ಉಳಿದ ತರಕಾರಿ ಎಲ್ಲ ಸೇರಿಸಿ ಬಿಸಿಬೇಳೆ ಬಾತ್
- ಭಾನುವಾರ, ಮಕ್ಕಳು ಆರಿಸುವ ದಿನ: ಮೀನು, ಕೋಳಿ, ಪೂರಿ, ಅಥವಾ ಹೊರಗಿನ ಊಟ

ಬೇಗ ಬಾಡುವ ಸೊಪ್ಪು ವಾರದ ಆರಂಭದಲ್ಲಿ ಖರ್ಚಾಗುತ್ತದೆ. ತಡೆದಿರುವ ಕ್ಯಾರೆಟ್, ಬೀನ್ಸ್ ವಾರದ ಕೊನೆಗೆ ಬರುತ್ತವೆ. ಮಂಗಳವಾರದ ಖಿಚಡಿಗೆ 250 ಗ್ರಾಂ ಅಕ್ಕಿಗೆ 85 ಗ್ರಾಂ ಬೇಳೆ ಹಾಕಿದರೆ ಮೂರಕ್ಕೆ ಒಂದರ ಪ್ರಮಾಣವಾಗುತ್ತದೆ. ಧಾನ್ಯ ಮತ್ತು ಬೇಳೆ ಈ ಪ್ರಮಾಣದಲ್ಲಿ ಸೇರಿದಾಗ ಒಂದರಲ್ಲಿ ಕಡಿಮೆ ಇರುವ ಪ್ರೋಟೀನ್ ಅಂಶವನ್ನು ಇನ್ನೊಂದು ತುಂಬಿಕೊಡುತ್ತದೆ.

ಹೈದರಾಬಾದ್ ಪೇಟೆಯಲ್ಲಿ ಹೆಸರು ಬೇರೆ, ಸೊಪ್ಪು ಅದೇ

ಎರ್ರಗಡ್ಡ, ಮೆಹದಿಪಟ್ಣಂ, ಕೂಕಟ್‌ಪಲ್ಲಿ, ಸರೂರ್‌ನಗರದ ರೈತು ಬಜಾರ್‌ಗಳಲ್ಲಿ ರೈತರೇ ತರಕಾರಿ ಮಾರುತ್ತಾರೆ. ಊರಿಗೆ ಹೊಸಬರಾದ ಕನ್ನಡಿಗರು ಹೆಸರು ಗೊತ್ತಿಲ್ಲದೆ ಆಲೂಗಡ್ಡೆ, ಟೊಮೆಟೊ, ಬೆಂಡೆಕಾಯಿಯಲ್ಲೇ ಖರೀದಿ ಮುಗಿಸುವುದುಂಟು. ಈ ಕೆಲವು ಹೆಸರು ತಿಳಿದಿರಲಿ: ತೋಟಕೂರ ಎಂದರೆ ದಂಟಿನ ಸೊಪ್ಪು, ಮೆಂತಿಕೂರ ಎಂದರೆ ಮೆಂತ್ಯ ಸೊಪ್ಪು, ಮುನಗಾಕು ಎಂದರೆ ನುಗ್ಗೆ ಸೊಪ್ಪು. ಗೋಂಗೂರ ನಮ್ಮ ಉತ್ತರ ಕರ್ನಾಟಕದ ಪುಂಡಿ ಪಲ್ಯೆ. ಬೀರಕಾಯ ಹೀರೆಕಾಯಿ, ದೊಂಡಕಾಯ ತೊಂಡೆಕಾಯಿ, ಬೊಬ್ಬರ್ಲು ಅಲಸಂದೆ, ಕಂದಿಪಪ್ಪು ತೊಗರಿಬೇಳೆ. ಬೀದರ್, ಕಲಬುರಗಿ ಕಡೆಯವರಿಗೆ ಬೇಕಾದ ಜೋಳ ಇಲ್ಲಿ 'ಜೊನ್ನಲು' ಎಂಬ ಹೆಸರಿನಲ್ಲಿ ಸಿಗುತ್ತದೆ.

ಭಾನುವಾರದ ಒಂದು ಗಂಟೆ

ವಾರದ ಅಡುಗೆಯ ಅರ್ಧ ಕೆಲಸ ಹೆಚ್ಚುವುದು, ಬಿಡಿಸುವುದು, ನೆನೆಸುವುದು. ಅದನ್ನು ಮೊದಲೇ ಮುಗಿಸಿದರೆ ಸಂಜೆ ಅರ್ಧ ಗಂಟೆಯಲ್ಲಿ ಊಟ ಸಿದ್ಧ.

- ಸೊಪ್ಪನ್ನು ಬಿಡಿಸಿ, ತೊಳೆಯದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಬಳಸುವಾಗ ಮೊದಲು ತೊಳೆದು ಆಮೇಲೆ ಹೆಚ್ಚಿ.
- ಈರುಳ್ಳಿ, ಟೊಮೆಟೊ ಹುರಿದು ಮಸಾಲೆ ಮಾಡಿ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಬುಧವಾರದ ಸಾರಿಗೆ ಇದೇ ಆಧಾರ. ಶುಕ್ರವಾರಕ್ಕೂ ಬೇಕಾದರೆ ಆ ಪಾಲನ್ನು ಫ್ರೀಜರ್‌ನಲ್ಲಿಡಿ.
- ಶೇಂಗಾ ಹುರಿದು ಪುಡಿ ಮಾಡಿಡಿ. ಚಟ್ನಿಗೂ ಪಲ್ಯಕ್ಕೂ ಆಗುತ್ತದೆ.
- ಪೆಸರಟ್ಟಿಗೆ ಹೆಸರುಕಾಳನ್ನು ಗುರುವಾರ ಬೆಳಗ್ಗೆ, ಶುಕ್ರವಾರದ ಕಡಲೆಯನ್ನು ಗುರುವಾರ ರಾತ್ರಿ ನೆನೆಸಿ. ಮರೆಯದಂತೆ ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿ. ಬೆಳಗ್ಗೆ ಕಡಲೆಯ ನೀರು ಬಸಿದು ಫ್ರಿಜ್‌ನಲ್ಲಿಡಿ.

ಎಲ್ಲರಿಗೂ ಒಂದೇ ಪಾತ್ರೆ

ಮಗುವಿಗೆ ಬೇರೆ, ದೊಡ್ಡವರಿಗೆ ಬೇರೆ, ಅಜ್ಜನಿಗೆ ಬೇರೆ ಅಡುಗೆ ಮಾಡುವ ಪದ್ಧತಿ ಹೆಚ್ಚು ದಿನ ನಡೆಯುವುದಿಲ್ಲ. ಬೇಳೆ, ತರಕಾರಿ ಒಟ್ಟಿಗೆ ಬೇಯಲಿ. ಉಪ್ಪು, ಖಾರ, ಹುಣಸೆ ಹಾಕುವ ಮೊದಲು ಮಗುವಿನ ಪಾಲು ತೆಗೆದಿಡಿ. ಉಳಿದದ್ದಕ್ಕೆ ಒಗ್ಗರಣೆ ಹಾಕಿ.

ಒಂದು ವರ್ಷದೊಳಗಿನ ಮಗುವಿನ ಊಟಕ್ಕೆ ಉಪ್ಪು, ಸಕ್ಕರೆ, ಜೇನುತುಪ್ಪ ಬೇಡ. 6ರಿಂದ 8 ತಿಂಗಳ ಮಗುವಿಗೆ ನುಣ್ಣಗೆ ಮಸೆದು, 9 ತಿಂಗಳ ನಂತರ ಸ್ವಲ್ಪ ತರಿಯಾಗಿ ಕೊಡಿ. ಒಂದು ವರ್ಷವಾದ ಮೇಲೆ ಮನೆಯ ಊಟವನ್ನೇ ಮೆತ್ತಗೆ ಮಾಡಿ ಕೊಡಬಹುದು. ಒಂದರಿಂದ ಎರಡು ವರ್ಷದ ಮಗುವಿಗೆ ಒಂದು ಹೊತ್ತಿಗೆ 250 ಮಿಲಿ ಲೀಟರ್ ಬಟ್ಟಲಿನ ಮುಕ್ಕಾಲು ಭಾಗದಿಂದ ಒಂದು ಬಟ್ಟಲಿನಷ್ಟು ಊಟ ಬೇಕು. ಚಿಕ್ಕ ಮಕ್ಕಳಿಗೆ ಇಡೀ ಶೇಂಗಾ, ಗಟ್ಟಿ ಕಡಲೆಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಪುಡಿ ಮಾಡಿ ಅಥವಾ ಮಸೆದು ಕೊಡಿ.

ಸೊಪ್ಪು, ಬೇಳೆಯಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಸೇರುವುದಿಲ್ಲ. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಅಥವಾ ಊಟದ ಜೊತೆ ಪೇರಲೆ ಹಣ್ಣು ಕೊಟ್ಟರೆ ಅದರಲ್ಲಿನ ವಿಟಮಿನ್ ಸಿ ಸಹಾಯ ಮಾಡುತ್ತದೆ. ಚಹಾ, ಕಾಫಿ ಇದಕ್ಕೆ ತಡೆ. ಸಂಜೆಯ ಇರಾನಿ ಚಹಾ ಊಟಕ್ಕಿಂತ ಕನಿಷ್ಠ ಒಂದು ಗಂಟೆ ಮೊದಲೇ ಮುಗಿಯಲಿ, ಊಟವಾಗಿ ಒಂದು ಗಂಟೆಯವರೆಗೂ ಬೇಡ.

ದೊಡ್ಡವರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡ. ಆವಕಾಯ, ಹಪ್ಪಳ ಪ್ರತಿ ರಾತ್ರಿ ತಟ್ಟೆಗೆ ಬಂದರೆ ಈ ಮಿತಿ ಬೇಗ ದಾಟುತ್ತದೆ.

ಉಳಿದ ಅಡುಗೆ ಇಡುವಾಗ

ಹೈದರಾಬಾದಿನ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಬೇಯಿಸಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ, ಸುಡು ಬೇಸಿಗೆಯಲ್ಲಿ ಒಂದೇ ಗಂಟೆ. ಅನ್ನದ ಬಗ್ಗೆ ಹೆಚ್ಚು ಜಾಗ್ರತೆ ಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಉಳಿದರೆ ಅವು ಬೆಳೆದು ವಿಷ ಉಂಟುಮಾಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್‌ನಲ್ಲಿಡಿ, ಮರುದಿನವೇ ಮುಗಿಸಿ. ಬೇಳೆ ಸಾರು ಎರಡು ದಿನ ಇರುತ್ತದೆ. ಬೇಕಾದಷ್ಟನ್ನೇ ತೆಗೆದು ಹಬೆಯಾಡುವಂತೆ ಒಮ್ಮೆ ಮಾತ್ರ ಕಾಯಿಸಿ. ಮಗು ತಿಂದು ಬಿಟ್ಟ ಬಟ್ಟಲಿನ ಊಟವನ್ನು ಎತ್ತಿಡಬೇಡಿ.

ಮನೆಯಲ್ಲಿ ರೋಗಿಗಳಿದ್ದರೆ

- ಸಕ್ಕರೆ ಕಾಯಿಲೆ: ಅದೇ ಅಡುಗೆ ಸಾಕು. ಅನ್ನ ಕಡಿಮೆ, ಪಲ್ಯ ಮತ್ತು ಬೇಳೆ ಹೆಚ್ಚು ಬಡಿಸಿ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟದ ಸಮಯ ತಪ್ಪಿಸಬಾರದು.
- ರಕ್ತದೊತ್ತಡ: ಉಪ್ಪು ಹಾಕುವ ಮೊದಲೇ ಅವರ ಪಾಲನ್ನೂ ತೆಗೆದಿಡಿ. ನಿಂಬೆ, ಕೊತ್ತಂಬರಿ, ಜೀರಿಗೆ ರುಚಿ ಕೊಡುತ್ತವೆ.
- ಮೂತ್ರಪಿಂಡದ ಕಾಯಿಲೆ: ಬೇಳೆ, ಸೊಪ್ಪು, ಕೆಲವು ತರಕಾರಿಗಳಿಗೆ ಮಿತಿ ಇರಬಹುದು. ಮೇಲಿನ ಅಳತೆಗಳನ್ನು ಅನುಸರಿಸುವ ಮೊದಲು ವೈದ್ಯರನ್ನು ಕೇಳಿ.
- ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ: ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸಬೇಡಿ, ಕಡಿಮೆಯನ್ನೂ ಮಾಡಬೇಡಿ.

ಯಾವಾಗ ವೈದ್ಯರನ್ನು ಕಾಣಬೇಕು?

ಮಗುವಿನ ತೂಕ ಏರದಿದ್ದರೆ, ಅಂಗೈ ಮತ್ತು ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ, ಆಟದಲ್ಲಿ ಬೇಗ ದಣಿದರೆ, ಮಣ್ಣು ಅಥವಾ ಸುಣ್ಣ ತಿನ್ನುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ರಕ್ತಹೀನತೆ ಇರುವುದು ಗೊತ್ತಾದರೆ ಊಟವೊಂದೇ ಸಾಲದು, ಔಷಧಿಯೂ ಬೇಕಾಗುತ್ತದೆ. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಡಿ 6ರಿಂದ 59 ತಿಂಗಳ ಮಕ್ಕಳಿಗೆ ವಾರಕ್ಕೆ ಎರಡು ಬಾರಿ 1 ಮಿಲಿ ಲೀಟರ್ ಕಬ್ಬಿಣಾಂಶದ ಸಿರಪ್ ನೀಡಲಾಗುತ್ತದೆ. ಆಶಾ ಕಾರ್ಯಕರ್ತೆಯನ್ನು ಅಥವಾ ಹತ್ತಿರದ ಆರೋಗ್ಯ ಕೇಂದ್ರವನ್ನು ಕೇಳಿ. ಮೊಟ್ಟೆ, ಶೇಂಗಾ, ಮೀನು ತಿಂದಾಗ ತುಟಿ ಅಥವಾ ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊದಲ ವಾರವೇ ಏಳೂ ದಿನ ಯೋಜನೆಯಂತೆ ನಡೆಯುವುದು ಕಷ್ಟ. ಸೊಪ್ಪಿನ ದಿನ, ಖಿಚಡಿಯ ದಿನ, ಮೊಟ್ಟೆಯ ದಿನ, ಈ ಮೂರರಿಂದ ಶುರುಮಾಡಿ. ಮಗು ನಿದ್ದೆಗೆ ಜಾರುವ ಮೊದಲು ಅದರ ಬಟ್ಟಲಿಗೆ ಬೇಳೆ, ತರಕಾರಿ ಬಿದ್ದರೆ ಆ ದಿನದ ಯೋಜನೆ ಗೆದ್ದಂತೆ.