ನಿಮಗಿದು ಗೊತ್ತೆ? ಬಿಸಿಯಿಂದಲೇ ತಂಪು!
ಡೀಸೆಲ್ ಜನರೇಟರಿಗೆ ಹಾಕಿದ ಇಂಧನದ ಶಕ್ತಿಯಲ್ಲಿ ವಿದ್ಯುತ್ ಆಗುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಉಳಿದದ್ದರಲ್ಲಿ ಬಹುಪಾಲು ಹೊಗೆ ಕೊಳವೆ, ರೇಡಿಯೇಟರ್ ಮೂಲಕ ಗಾಳಿಪಾಲು. ಆ ಬಿಸಿಯನ್ನು ಹಿಡಿದರೆ ನೀರು ಕಾಯಿಸಬಹುದು, ತಂಪನ್ನೂ ಪಡೆಯಬಹುದು. ಕಂಪ್ರೆಸರ್ ಇಲ್ಲದೆ ಶಾಖದಿಂದಲೇ ತಂಪು ಮಾಡುವ ಅಮೋನಿಯಾ ಯಂತ್ರವನ್ನು ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರಲ್ಲೇ ರೂಪಿಸಿದ್ದರು. ಇದೇ ತತ್ವದ ಲಿಥಿಯಂ ಬ್ರೋಮೈಡ್ ಯಂತ್ರದ ಒಳಗಂತೂ ಒತ್ತಡ ಎಷ್ಟು ಕಡಿಮೆಯೆಂದರೆ, ನೀರು ಸುಮಾರು 5 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ!

ತಮಿಳುನಾಡಿನ ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ; ಈ ದ್ರಾಕ್ಷಿಯೂ ದಿಂಡಿಗಲ್ ಸೀಮೆಯ ನಿಲಕ್ಕೋಟೆ ಮಲ್ಲಿಗೆಯೂ ಬೇಗ ಬಾಡುವ ಸರಕು. ಇವು ಬೆಳೆಯುವ ಸೀಮೆಗೆ, ಜನರೇಟರಿನ ಬಿಸಿಯಿಂದ ತಂಪು ಕೊಡುವ ಪುಟ್ಟ ಘಟಕ ಚೆನ್ನಾಗಿ ಹೊಂದುತ್ತದೆ. ದ್ರಾಕ್ಷಿಗೆ ಸೊನ್ನೆ ಡಿಗ್ರಿ ಹತ್ತಿರದ ತಂಪು ಬೇಕಾದ್ದರಿಂದ ಅಮೋನಿಯಾ ಯಂತ್ರವೇ ಸರಿ.

ಇಂಥ ಘಟಕದ ಪರೀಕ್ಷೆಯಲ್ಲಿ ಇಂಧನದ ತೂಕ, ವಿದ್ಯುತ್ ಯೂನಿಟ್, ನೀರಿನ ಹರಿವು, ಒಳಹೋಗುವ ಮತ್ತು ಹೊರಬರುವ ನೀರಿನ ಉಷ್ಣಾಂಶ ಅಳೆಯುತ್ತಾರೆ. ತಂಪಿಗೆ ಬಳಸಿದ ಬಿಸಿಯನ್ನೂ ಅದರಿಂದ ಬಂದ ತಂಪನ್ನೂ ಕೂಡಿಸಿ ಲೆಕ್ಕ ಹಿಡಿದರೆ ದಕ್ಷತೆ ಸುಳ್ಳೇ ಉಬ್ಬುತ್ತದೆ. ಅರ್ಧ ಹೊರೆಯಲ್ಲೂ ಓಡಿಸಿ ನೋಡಲೇಬೇಕು: ಎಂಜಿನ್ ಮೇಲಿನ ಹೊರೆ ತಗ್ಗಿದರೆ ಹೊಗೆಯ ಬಿಸಿ ಇಳಿದು ತಂಪೂ ಕುಗ್ಗುತ್ತದೆ.