ಮಳೆಕಾಡಿನ ಗುರುತು, ಮುನ್ನೂರು ಕಿಲೋಮೀಟರ್ ಮೇಲೆ

2000ದ ಮಾರ್ಚ್‌ನಲ್ಲಿ ನಾಸಾ ಹಾರಿಬಿಟ್ಟ ‘ಇಮೇಜ್’ ಉಪಗ್ರಹಕ್ಕೆ ಮಳೆಯ ಗೊಡವೆಯೇ ಇರಲಿಲ್ಲ. ಭೂಮಿಯ ಕಾಂತಗೋಳವನ್ನೂ ಧ್ರುವಪ್ರಭೆಯನ್ನೂ ಚಿತ್ರಿಸುವುದು ಅದರ ಕೆಲಸ. ಆದರೆ ಅದರ ಕಕ್ಷೆ ಬಹಳ ದೂರಕ್ಕೆ ಚಾಚಿದ್ದರಿಂದ ಉಷ್ಣವಲಯದ ರಾತ್ರಿ ಆಕಾಶವೂ ನೇರಳಾತೀತ ಕ್ಯಾಮೆರಾದ ಕಣ್ಣಿಗೆ ಬೀಳುತ್ತಿತ್ತು.

ಅಲ್ಲಿ, ಕಾಂತೀಯ ಸಮಭಾಜಕದ ಆಚೆಗೊಂದು ಈಚೆಗೊಂದು, ಪ್ಲಾಸ್ಮಾದ ಎರಡು ಹೊಳೆಯುವ ಪಟ್ಟಿಗಳಿವೆ. ಹಗಲಿನ ವಿದ್ಯುತ್ ಕ್ಷೇತ್ರವು ಪ್ಲಾಸ್ಮಾವನ್ನು ಮೇಲಕ್ಕೆತ್ತುತ್ತದೆ. ಅದು ಕಾಂತರೇಖೆಗಳ ಗುಂಟ ಇಳಿದು ಎರಡೂ ಬದಿ ಶೇಖರವಾಗುತ್ತದೆ. ಇದು ದಶಕಗಳಿಂದ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ್ದು ಮುಂದಿನದು. 2002ರ ಮಾರ್ಚ್–ಏಪ್ರಿಲ್‌ನ ಚಿತ್ರಗಳನ್ನು ಒಟ್ಟುಮಾಡಿ, ಎಲ್ಲ ರೇಖಾಂಶಗಳನ್ನೂ ರಾತ್ರಿಯ ಒಂದೇ ಸ್ಥಳೀಯ ಗಂಟೆಯಲ್ಲಿ ನೋಡಿದಾಗ ಪಟ್ಟಿಗಳು ಸಮವಾಗಿರಲಿಲ್ಲ. ಭೂಮಿಯ ಸುತ್ತ ನಾಲ್ಕು ಕಡೆ ಉಬ್ಬಿ ಬೆಳಗುತ್ತಿದ್ದವು. ಜಪಾನಿನ ಸಗಾವಾ ಮತ್ತು ಸಂಗಡಿಗರು 2005ರಲ್ಲಿ ಈ ನಾಲ್ಕರ ವಿನ್ಯಾಸವನ್ನು ವರದಿ ಮಾಡಿದರು.

ಈ ಪ್ಲಾಸ್ಮಾ ಇರುವ ಮೇಲಿನ ಪದರವಾದ ಅಯಾನುಗೋಳ ಸೂರ್ಯನ ಮತ್ತು ಕಾಂತಕ್ಷೇತ್ರದ ಸಾಮ್ರಾಜ್ಯ ಎಂಬುದು ಬಹುಕಾಲದ ನಂಬಿಕೆ. ಅವೆರಡರಲ್ಲೂ ‘ನಾಲ್ಕು’ ಎಲ್ಲಿಯೂ ಇಲ್ಲ. ಬರ್ಕ್ಲಿಯ ಥಾಮಸ್ ಇಮ್ಮೆಲ್ ಮತ್ತು ಜೊತೆಗಾರರಿಗೆ ಉತ್ತರ ಸಿಕ್ಕಿದ್ದು ಕೆಳಗಿನ ಹವೆಯನ್ನು ಲೆಕ್ಕ ಹಾಕುತ್ತಿದ್ದವರ ಬಳಿ. ಮೌರಾ ಹೇಗನ್ ಮತ್ತು ಜೆಫ್ರಿ ಫೋರ್ಬ್ಸ್ 2002ರಲ್ಲೇ ತೋರಿಸಿದ್ದರು: ಉಷ್ಣವಲಯದ ಗುಡುಗುಮೋಡಗಳಲ್ಲಿ ಆವಿ ನೀರಾಗುವಾಗ ಹೊರಬರುವ ಗುಪ್ತೋಷ್ಣವು ದಿನದ ಲಯದಲ್ಲಿ ಗಾಳಿಯನ್ನು ಕಾಯಿಸಿ, ವಾಯುಮಂಡಲದಲ್ಲೂ ಉಬ್ಬರವಿಳಿತ ಎಬ್ಬಿಸುತ್ತದೆ. ನೆಲ–ಕಡಲು ಅಸಮವಾಗಿ ಹರಡಿರುವುದರಿಂದ ಈ ಉಬ್ಬರವಿಳಿತಗಳಲ್ಲೊಂದು ಮೂರು ಶಿಖರಗಳ ಅಲೆಯಾಗಿ ಪೂರ್ವಕ್ಕೆ ಸಾಗುತ್ತದೆ. ಸೂರ್ಯ ಪಶ್ಚಿಮಕ್ಕೆ ಸರಿಯುತ್ತಾನೆ. ಒಂದೇ ಸ್ಥಳೀಯ ಗಂಟೆಗೆ ಅಂಟಿಕೊಂಡು ನೋಡುವವರಿಗೆ ಆ ಮೂರು ನಾಲ್ಕಾಗಿ ಕಾಣುತ್ತವೆ. ಉಬ್ಬುಗಳಲ್ಲಿ ಮೂರು ಅಮೆಜಾನ್, ಕಾಂಗೊ, ಇಂಡೋನೇಷ್ಯಾಗಳ ಮಳೆಕಾಡುಗಳ ಮೇಲಿದ್ದು, ನಾಲ್ಕನೆಯದು ಬರಿಯ ಪೆಸಿಫಿಕ್ ಸಾಗರದ ಮೇಲಿದ್ದುದಕ್ಕೆ ಇಷ್ಟು ಅಚ್ಚುಕಟ್ಟಾದ ವಿವರಣೆ! ಬೇರೆ ಕೆಲಸಕ್ಕೆಂದು ಮಾಡಿಟ್ಟ ಲೆಕ್ಕವೊಂದು ಹೀಗೆ ಚಿತ್ರಕ್ಕೆ ಕೂಡಿಕೊಂಡ ಗಳಿಗೆ ನನಗೆ ಈ ಕತೆಯಲ್ಲಿ ಅತ್ಯಂತ ಪ್ರಿಯವಾದದ್ದು.

ಒಂದು ತೊಡಕು ಉಳಿದಿತ್ತು. ಪ್ಲಾಸ್ಮಾ ಇರುವುದು 300–400 ಕಿ.ಮೀ. ಎತ್ತರದಲ್ಲಿ, ಅಲೆಯೋ ತೆಳುಗಾಳಿಯಲ್ಲಿ ಮೇಲೇರುತ್ತ ಬಲಿತರೂ 100–120 ಕಿ.ಮೀ. ಸುಮಾರಿಗೇ ಕರಗತೊಡಗುತ್ತದೆ. ಆದರೆ ಹಗಲಿನ ವಿದ್ಯುತ್ ಕ್ಷೇತ್ರ ಹುಟ್ಟುವುದೂ ಅದೇ ಎತ್ತರದ ಗಾಳಿಯಿಂದ. ಅಲೆ ಆ ಗಾಳಿಯನ್ನು ಅಲುಗಿಸಿದರೆ ಸಾಕು, ಸುದ್ದಿ ಕಾಂತರೇಖೆಗಳ ಮೂಲಕ ಮೇಲೆ ಮುಟ್ಟುತ್ತದೆ. ಇಮ್ಮೆಲ್ ತಂಡ 2006ರಲ್ಲಿ ಮುಂದಿಟ್ಟ ವಾದ ಇದೇ.

ಹಾಗಾದರೆ ಮಳೆ ಜಾಗ ಬದಲಿಸಿದ ವರ್ಷ? ಎಲ್ ನಿನೊ ಬಂದಾಗ ಮೋಡಗಳು ಇಂಡೋನೇಷ್ಯಾ ಬಿಟ್ಟು ನಡು ಪೆಸಿಫಿಕ್‌ನತ್ತ ಸರಿಯುತ್ತವೆ. ಲಾ ನಿನಾದಲ್ಲಿ ಇಂಡೋನೇಷ್ಯಾದ ಮೇಲೆ ದಟ್ಟೈಸುತ್ತವೆ. 2014ರಲ್ಲಿ ವಾರ್ನರ್ ಮತ್ತು ಓಬರ್‌ಹೈಡೆ ಈ ಏರುಪೇರು ಮೇಲಿನ ಉಬ್ಬರವಿಳಿತದಲ್ಲೂ ಮೂಡುವುದನ್ನು ವಿವರಿಸಿದರು. ಅವರಿಗಿಂತ ಮೊದಲೇ, 2005ರಲ್ಲಿ, ನಮ್ಮ ಪಕ್ಕದ ತಮಿಳುನಾಡಿನಿಂದ ಇಂಥದೇ ಸುಳಿವು ಹೊರಟಿತ್ತು. ಭಾರತೀಯ ಭೂಕಾಂತತ್ವ ಸಂಸ್ಥೆಯ ತಿರುನೆಲ್ವೇಲಿ ರೇಡಾರ್ ಸುಮಾರು 80–100 ಕಿ.ಮೀ. ಎತ್ತರದ ಗಾಳಿಯನ್ನು ವರ್ಷಗಟ್ಟಲೆ ಅಳೆದಿತ್ತು. ಆ ದಾಖಲೆಯಲ್ಲಿ ಎಸ್. ಗುರುಬರನ್ ಮತ್ತು ಸಹೋದ್ಯೋಗಿಗಳು ವರ್ಷದಿಂದ ವರ್ಷಕ್ಕೆ ಬದಲಾಗುವ ಉಬ್ಬರವಿಳಿತವನ್ನು ಹುಡುಕಿ, ಅದರಲ್ಲಿ ಎಲ್ ನಿನೊ ಚಕ್ರದ ಗುರುತು ಕಂಡರು.

ಪ್ಲಾಸ್ಮಾ ಏರುಪೇರಾದರೆ ಜಿಪಿಎಸ್ ಸಂಕೇತ ತಡವರಿಸುತ್ತದೆ. ಭಾರತದ ಬಹುಭಾಗ ಈ ಪಟ್ಟಿಯ ಪ್ರಭಾವದಲ್ಲಿದೆ. ಉಪಗ್ರಹಗಳು ಬರುತ್ತವೆ, ಹೋಗುತ್ತವೆ. ಎಲ್ ನಿನೊ ಹಲವು ವರ್ಷಗಳಿಗೊಮ್ಮೆ ಮರಳುವಂಥದ್ದು. ಅದನ್ನು ಹಿಡಿಯಲು ಬಿಡುವಿಲ್ಲದೆ ಅಳೆಯುವ ನೆಲದ ಕೇಂದ್ರಗಳೇ ಬೇಕು. ತಿರುನೆಲ್ವೇಲಿಯಂಥ ಕೇಂದ್ರಗಳಿಗೆ ಹಣವೂ ಜನರೂ ಕೊರತೆಯಾಗದಂತೆ ನೋಡಿಕೊಳ್ಳಬೇಕು.