ಮೀನಿನ ಪರಿಶೋಧನಾ ಕೇಂದ್ರಗಳಲ್ಲಿ ಹರಿಗೋಲು, ಬಲೆ ಮತ್ತು ಉಪಕರಣಗಳ ಸಂರಕ್ಷಣೆ

ಜಲಾಶಯದಲ್ಲಿ ಮೀನಿನ ಸಂತತಿಯು ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದನ್ನು ದಡದಲ್ಲಿ ನಿಂತು ಹೇಳಲಾಗದು. ಒಂದೇ ಬಗೆಯ ಬಲೆಗಳನ್ನು ಒಂದೇ ಕ್ರಮದಲ್ಲಿ ಬಿಟ್ಟು, ಸಿಕ್ಕಿದ ಮೀನನ್ನು ಎಣಿಸಿ, ತೂಗಿ, ವರ್ಷದಿಂದ ವರ್ಷಕ್ಕೆ ಹೋಲಿಸಿ ತಿಳಿಯತಕ್ಕದ್ದು. ಮರಿಗಳನ್ನು ಎಷ್ಟು ಬಿಡಬೇಕು, ಯಾವ ತಿಂಗಳಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಬೇಕು ಎಂಬ ನಿರ್ಣಯಗಳಿಗೆ ಈ ಲೆಕ್ಕವೇ ಆಧಾರ. ಬಲೆ ಹರಿದಿದ್ದರೆ ಲೆಕ್ಕ ತಪ್ಪುವುದು. ಲೆಕ್ಕ ತಪ್ಪಿದರೆ ಬೆಸ್ತರ ಜೀವನೋಪಾಯಕ್ಕೇ ಹಾನಿ. ಆದುದರಿಂದ ಸಾಮಾನುಗಳ ಸಂರಕ್ಷಣೆಯನ್ನು ಕೇವಲ ಉಗ್ರಾಣದ ಕೆಲಸವೆಂದು ಭಾವಿಸದೆ, ಪರಿಶೋಧನೆಯ ಒಂದು ಅಂಗವೆಂದೇ ಎಣಿಸತಕ್ಕದ್ದು.

೧. ಹರಿಗೋಲು: ಕ್ರಿ. ಶ. ೧೫೨೦ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಅಲ್ಲಿಯ ಹೊಳೆಯ ಹರಿಗೋಲುಗಳು ಬುಟ್ಟಿಯಂತೆ ದುಂಡಗಿದ್ದು ಹೊರಗೆ ತೊಗಲು ಹೊದಿಸಿದುವಾಗಿದ್ದುವೆಂದು ಬರೆದಿರುವನು. ಈಗ ತೊಗಲಿಗೆ ಬದಲಾಗಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುವುದು ವಾಡಿಕೆ. ಕೆಲಸ ತೀರಿದೊಡನೆ ಹರಿಗೋಲನ್ನು ಕಲ್ಲಿನ ಮೇಲೆ ಎಳೆಯದೆ ಎತ್ತಿ ತಂದು, ನೆರಳಿನಲ್ಲಿ ಬೋರಲು ಹಾಕಬೇಕು. ನೀರಿನಲ್ಲಿಯೇ ಬಿಟ್ಟರೆ ಬಿದಿರಿನ ದಬ್ಬೆಗಳು ಕೊಳೆಯುವುವು. ಬಿಸಿಲಿನಲ್ಲಿ ಬಿಟ್ಟರೆ ಹೊದಿಕೆಯು ಬಿರಿಯುವುದು. ನೀರಿಗಿಳಿಸುವ ಮುನ್ನ ತಳವನ್ನು ಕೈಯಿಂದ ತಡವಿ ನೋಡಿ, ಬಿರುಕು ಕಂಡರೆ ಮತ್ತೆ ಡಾಂಬರು ಬಳಿದು ಆರಿದ ಮೇಲೆಯೇ ಹೊರಡತಕ್ಕದ್ದು. ಮುಂಗಾರಿನ ಗಾಳಿಗೆ ಅಗಲವಾದ ಜಲಾಶಯಗಳಲ್ಲಿ ದೊಡ್ಡ ಅಲೆಗಳೇಳುವುದುಂಟು. ಹರಿಗೋಲಿನಲ್ಲಿ ಕೂರುವ ಪ್ರತಿಯೊಬ್ಬನಿಗೂ ಒಂದೊಂದು ತೇಲುವ ಅಂಗಿಯನ್ನು ತೊಡಿಸದೆ ಹೊರಡಕೂಡದು.

೨. ಬಲೆ: ಹಿಂದೆ ಹತ್ತಿಯ ಬಲೆಗಳು ಬಹುಬೇಗ ಕೊಳೆಯುತ್ತಿದ್ದುವು. ನೈಲಾನ್ ಕೊಳೆಯುವುದಿಲ್ಲ, ಆದರೆ ಬಿಸಿಲಿನಿಂದ ಅದರ ಸತ್ತ್ವವು ಕುಂದುವುದು. ಆದುದರಿಂದ ಬಲೆಯನ್ನು ತಿಳಿನೀರಿನಲ್ಲಿ ತೊಳೆದು, ಕಸಕಡ್ಡಿ ಬಿಡಿಸಿ, ನೆರಳಿನಲ್ಲಿ ಆರಹಾಕಿ, ಇಲಿಗಳ ಕಾಟವಿಲ್ಲದೆಡೆಯಲ್ಲಿ ತೂಗುಹಾಕಬೇಕು. ಕಿವಿರಿಗೆ ಸಿಕ್ಕಿಕೊಳ್ಳುವ ಬಲೆಯಲ್ಲಿ ಕಣ್ಣಿನ ಅಳತೆಯೇ ಮೀನಿನ ಗಾತ್ರವನ್ನು ಆರಿಸುವುದು. ಹರಿದೆಡೆಯಲ್ಲಿ ಬೇರೆ ದಪ್ಪದ ದಾರದಿಂದ ಬೇರೆ ಅಳತೆಯ ಕಣ್ಣು ಹಾಕಿದರೆ ಹಿಂದಿನ ವರ್ಷದ ಹೋಲಿಕೆಯು ಕೆಡುವುದು. ಅದೇ ದಾರ, ಅದೇ ಅಳತೆ, ಇದೇ ನಿಯಮ.

೩. ಉಪಕರಣಗಳು: ನೀರಿನ ತಿಳಿತನವನ್ನಳೆಯುವ ಸೆಕ್ಕಿ ತಟ್ಟೆಯನ್ನು ಇಟಲಿಯ ಆಂಜೆಲೊ ಸೆಕ್ಕಿಯು ೧೮೬೫ರಲ್ಲಿ ಬಳಕೆಗೆ ತಂದನು. ಕೆರೆ ಜಲಾಶಯಗಳಲ್ಲಿ ೨೦ ಸೆಂಟಿಮೀಟರ್ ಅಗಲದ ಕಪ್ಪುಬಿಳುಪಿನ ತಟ್ಟೆಯು ರೂಢಿಯಲ್ಲಿದೆ. ಬಿಳುಪು ಮಾಸಿದರೆ ತಟ್ಟೆಯು ಬೇಗ ಮರೆಯಾಗಿ, ತಿಳಿಯಾದ ನೀರೂ ಕದಡಿದಂತೆ ತೋರುವುದು. ಅದರ ಹಗ್ಗವು ತೊಯ್ದಾಗ ಹಿಗ್ಗುವುದೂ ಕುಗ್ಗುವುದೂ ಉಂಟಾದುದರಿಂದ, ಗುರುತುಗಳನ್ನು ಆಗಾಗ ಅಳತೆಪಟ್ಟಿಯಿಂದ ಸರಿನೋಡಬೇಕು. ಸೂಕ್ಷ್ಮಜೀವಿಗಳನ್ನು ಹಿಡಿಯುವ ಬಟ್ಟೆಬಲೆಯನ್ನು ಪ್ರತಿ ಸಾರಿಯೂ ತೊಳೆಯದಿದ್ದರೆ ರಂಧ್ರಗಳು ಮುಚ್ಚಿ ಕಡಮೆ ನೀರು ಹಾಯುವುದು. ಆಮ್ಲಜನಕದ ಪರೀಕ್ಷೆಯ ಸೀಸೆಗಳ ಬಿರಡೆಗಳನ್ನು ಅದಲುಬದಲು ಮಾಡಕೂಡದು. ಬಿರಡೆ ಸರಿಯಾಗಿ ಕೂರದಿದ್ದರೆ ಒಳಗೆ ಗಾಳಿ ಸೇರಿ ಪರೀಕ್ಷೆಯು ಕೆಡುವುದು.

೪. ದಾಖಲೆ: ಯಾವ ದಿನ ಯಾವ ಬಲೆ ಹರಿಯಿತು, ಎಂದು ದುರಸ್ತಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಮೀನು ಕಡಮೆ ಸಿಕ್ಕಿದ ದಿನ, ಕೊರತೆಯು ನೀರಿನಲ್ಲಿತ್ತೋ ಬಲೆಯಲ್ಲಿತ್ತೋ ಎಂಬುದಕ್ಕೆ ಈ ಪುಸ್ತಕವೇ ಸಾಕ್ಷಿ.